ನಿನ್ನ ಅಕ್ಷರ ಹೇಗಿತ್ತು?

ಕಲಬುರಗಿ, ಭಾನುವಾರ

ಚಿ. ಮಗಳಿಗೆ ಅಪ್ಪನ ಆಶೀರ್ವಾದ.

ದಿನಾ ವಿಡಿಯೋ ಕಾಲ್ ಇದೆಯಲ್ಲ, ಇದ್ಯಾಕೆ ಕಾಗದ ಅಂತ ನಗಬೇಡ. ಮೊನ್ನೆ ಟ್ರಂಕಿನಲ್ಲಿ ನನ್ನ ಹಾಸ್ಟೆಲ್ ಕಾಲದ, ಕಾಗದ ಚುಚ್ಚಿಡುವ ತಂತಿ ಸಿಕ್ಕಿತು. ಸೈಕಲ್ ಕಡ್ಡಿ ಬಗ್ಗಿಸಿ, ಬಂದ ಕಾಗದವನ್ನೆಲ್ಲ ಅದಕ್ಕೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದೆ. ಎಲ್ಲವೂ ನನ್ನ ಅಪ್ಪ, ಅಂದರೆ ನಿಮ್ಮ ಮುತ್ಯಾ, ಬರೆದ ನೀಲಿ ಇನ್‌ಲ್ಯಾಂಡ್ ಪತ್ರಗಳು.

1948ರವರೆಗೆ ನಮ್ಮ ಕಡೆ ನಿಜಾಮರ ಆಳ್ವಿಕೆ, ಅಂಚೆ ಚೀಟಿ ಕೂಡ ಅವರದ್ದೇ. ಮುತ್ಯಾ ಶಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡ ಆಮೇಲೆ ಬಂದದ್ದು, ಹಾಗಾಗಿ ಸಾಲು ಹೊಲದ ಬದುವಿನ ಹಾಗೆ ಸೊಟ್ಟ, ಒತ್ತಕ್ಷರ ಅರ್ಧಕ್ಕರ್ಧ ನಾಪತ್ತೆ. ಕೊನೆಗೆ ಸಹಿ ಮಾತ್ರ ಉರ್ದುವಿನಲ್ಲಿ, ಬಲದಿಂದ ಎಡಕ್ಕೆ ಒಂದೇ ಎಳೆತ. ಅಷ್ಟೊತ್ತು ಒದ್ದಾಡಿದ ಕೈ ಅಲ್ಲಿಗೆ ಬಂದರೆ ಓಡುತ್ತಿತ್ತು.

'ಇತ್ತ ನಾವೆಲ್ಲ ಕ್ಷೇಮ' ಅಂತ ಶುರು ಮಾಡಿ ತೊಗರಿ, ಮಳೆ, ಎಮ್ಮೆ ಎಲ್ಲ ಬರೆದು, ಜಾಗ ಸಾಲದೆ ಅಂಚಿನ ಸುತ್ತ, ಅಂಟು ಹಚ್ಚುವ ಮಡಿಕೆಯ ಮೇಲೂ ಬರೆಯುತ್ತಿದ್ದರು. ಕಾಗದ ತಿರುಗಿಸುತ್ತ ಓದಬೇಕು. ನಿಜವಾದ ಸುದ್ದಿ ಇರುತ್ತಿದ್ದದ್ದೇ ಅಲ್ಲಿ: 'ನಿಮ್ಮವ್ವಗ ಕಾಲು ಬ್ಯಾನಿ, ಹೇಳಬ್ಯಾಡ ಅಂದಾಳ.' ಅದು ನನ್ನ ಕೈಗೆ ಬರುವಷ್ಟರಲ್ಲಿ ಅವ್ವ ಹೊಲಕ್ಕೆ ಹೋಗಿ ಬಂದಿರುತ್ತಿದ್ದಳು!

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ತಾರು, ಅಂದರೆ ಟೆಲಿಗ್ರಾಂ, ಬಂತೆಂದರೆ ಒಡೆದು ಓದುವ ಮುಂಚೆಯೇ ಓಣಿಯ ಹೆಂಗಸರು ಅಳಲು ಶುರು ಮಾಡುತ್ತಿದ್ದರು. 2013ರ ಜುಲೈನಲ್ಲಿ ಅದನ್ನು ನಿಲ್ಲಿಸಿದಾಗ ನನಗೇನೂ ಬೇಜಾರಾಗಲಿಲ್ಲ. ನಿನ್ನ ಕೆಲಸದ ಆರ್ಡರ್ ಮೇಲ್‌ನಲ್ಲಿ ಬಂತು, ಅರ್ಧ ಗಂಟೆಯಲ್ಲಿ ಓಣಿಗೆಲ್ಲ ಪೇಡಾ ಹಂಚಿದೆವು. ಚಲೋನೇ ಆಯ್ತು. ಆದರೆ ಮೇಲ್‌ನಲ್ಲಿ ಬ್ಯಾಂಕಿನವರ ಅಕ್ಷರವೂ ಒಂದೇ, ನಿನ್ನ ಅಕ್ಷರವೂ ಒಂದೇ. ಮೊನ್ನೆ ಆ ಕಾಗದದ ತಂತಿ ಹಿಡಿದು ಕೂತಾಗ ನಿನ್ನ ಅಕ್ಷರ ನೆನಪು ಮಾಡಿಕೊಳ್ಳಲು ನೋಡಿದೆ. ಆರನೇ ಕ್ಲಾಸಿನ ನೋಟ್‌ಬುಕ್ಕಿನದ್ದಷ್ಟೇ ಬಂತು, 'ಕ್ಷ' ಸರಿಯಾಗಿ ಬರದೆ ಎರಡು ಸಲ ಹೊಡೆದು ಹಾಕಿದ್ದು. ಆಮೇಲಿನದು ನಾನು ನೋಡೇ ಇಲ್ಲ ಅನಿಸುತ್ತೆ.

ಇದರ ಜೊತೆ ಒಂದು ಖಾಲಿ ಇನ್‌ಲ್ಯಾಂಡ್ ಇಟ್ಟಿದ್ದೇನೆ. ಈಗಲೂ ಎರಡೂವರೆ ರೂಪಾಯಿನೇ. ಕೌಂಟರಿನ ಹುಡುಗ ಡ್ರಾಯರ್ ತಳದಿಂದ ಹುಡುಕಿ ತೆಗೆದು, ಯಾರಿಗೆ ಅಂಕಲ್ ಅಂತ ಕೇಳಿದ. ವಿಳಾಸ, ಪಿನ್ ಕೋಡ್ ಎಲ್ಲ ನಾನೇ ಬರೆದಿದ್ದೇನೆ, ನಿನಗೆ ನೆಪ ಬೇಡ ಅಂತ. ತಪ್ಪಾದರೆ ಹೊಡೆದು ಹಾಕು, ಹರಿಯಬೇಡ. ಕೆಂಪು ಡಬ್ಬಿ ಎಲ್ಲಿದೆ ಅಂತ ಬೇಕಾದರೆ ಗೂಗಲ್‌ನಲ್ಲೇ ನೋಡು.

ಜಾಗ ಮುಗಿಯಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ: ನಿಮ್ಮವ್ವಗ ಸಕ್ಕರಿ ಜಾಸ್ತಿ ಬಂದದ, ಹೇಳಬ್ಯಾಡ ಅಂದಾಳ.

ನಿನ್ನ ಅಪ್ಪ