ಹಳೆಯ ಸಂಗೀತ ಕಛೇರಿಗಳ ಧ್ವನಿಮುದ್ರಣಗಳ ಬಿಡುಗಡೆಗೆ ಕಾಯುವವರ ಪರವಾಗಿ

ಮಾನ್ಯರೇ,

ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ ತನ್ನ ಕೊನೆಯ ಕಛೇರಿ ನಡೆಸಿದ್ದು 1995ರ ಜುಲೈ 9ರಂದು, ಷಿಕಾಗೋ ನಗರದಲ್ಲಿ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, ಅದರ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಂಡರು. ಆದರೂ ಆ ತಂಡದ ಹೊಸ ಬಿಡುಗಡೆಗಾಗಿ ಕಾಯುವವರು ಇಂದಿಗೂ ನಾನಾ ದೇಶಗಳಲ್ಲಿದ್ದಾರೆ, ನಮ್ಮ ಮೈಸೂರಿನಲ್ಲೂ ಇದ್ದಾರೆ, ಅವರಲ್ಲಿ ನಾನೂ ಒಬ್ಬ. ತಂಡದ ಉಗ್ರಾಣದಲ್ಲಿ ಜೋಪಾನವಾಗಿರುವ ಧ್ವನಿಮುದ್ರಣದ ರೀಲುಗಳಿಂದ ಮುಂದಿನ ಸಲ ಯಾವ ಊರಿನ, ಯಾವ ತಾರೀಖಿನ ಕಛೇರಿ ಹೊರಬರಲಿದೆ ಎಂಬುದೇ ನಮ್ಮ ಕಾತರ. ಇದನ್ನು ವಯಸ್ಸಾದವರ ಹಳೆಯ ಗೀಳೆಂದು ತಳ್ಳಿಹಾಕುವವರಿಗೆ ನಾಲ್ಕು ಮಾತು ಹೇಳಬೇಕೆನಿಸಿದ್ದರಿಂದಲೂ, ಮೈಸೂರಿನ ಮಟ್ಟಿಗೆ ತಡಮಾಡದೆ ಆಗಬೇಕಾದ ಒಂದು ಕೆಲಸವನ್ನು ಇಲ್ಲಿನ ರಸಿಕರ ಮುಂದಿಡಬೇಕೆನಿಸಿದ್ದರಿಂದಲೂ ಈ ಪತ್ರ ಬರೆಯುತ್ತಿದ್ದೇನೆ.

ಅದೇ ತಂಡ, ಅವೇ ಹಾಡುಗಳು, ಎಷ್ಟು ಸಲ ಕೇಳುತ್ತೀರಿ ಎಂಬುದು ನಮಗೆ ಎದುರಾಗುವ ಮೊದಲ ಪ್ರಶ್ನೆ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ತಂಡ ಮೂವತ್ತು ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಛೇರಿಗಳನ್ನು ನಡೆಸಿತು. ನಿನ್ನೆ ನುಡಿಸಿದ ಹಾಡುಗಳ ಸಾಲನ್ನು ಇಂದು ಹಾಗೆಯೇ ಒಪ್ಪಿಸುವುದು ಅದರ ಪದ್ಧತಿಯಾಗಿರಲಿಲ್ಲ. ಒಂದು ಊರಿನಲ್ಲಿ ಹತ್ತು ನಿಮಿಷಕ್ಕೆ ಮುಗಿದ ಹಾಡು ಇನ್ನೊಂದು ಊರಿನಲ್ಲಿ ಅರ್ಧ ಗಂಟೆ ಬೆಳೆದು, ನಡುವೆ ಎಲ್ಲಿಯೂ ನಿಲ್ಲದೆ ಮುಂದಿನ ಹಾಡಿಗೆ ದಾಟಿಕೊಳ್ಳುತ್ತಿತ್ತು. ಕರ್ನಾಟಕ ಸಂಗೀತ ಕೇಳಿ ಬೆಳೆದ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಕಾಂಭೋಜಿಯನ್ನು ಒಮ್ಮೆ ಕೇಳಿಯಾಗಿದೆ, ಇನ್ನೊಮ್ಮೆ ಬೇಡ ಎನ್ನುವ ರಸಿಕ ಮೈಸೂರಿನಲ್ಲಿ ಎಲ್ಲಿದ್ದಾನೆ? ಮನೋಧರ್ಮವೇ ಪ್ರಧಾನವಾದ ಸಂಗೀತದಲ್ಲಿ ಕೃತಿ ಒಂದೇ ಆದರೂ ಸಂಜೆ ಬೇರೆ, ಆ ಸಂಜೆಯ ರಾಗವೇ ಬೇರೆ. ಗ್ರೇಟ್‌ಫುಲ್ ಡೆಡ್ ಕಛೇರಿಗಳ ಎರಡನೆಯ ಭಾಗದಲ್ಲಿ ಮಿಕ್ಕಿ ಹಾರ್ಟ್ ಮತ್ತು ಬಿಲ್ ಕ್ರೂಟ್ಸ್‌ಮನ್ ಇಬ್ಬರೇ ಉಳಿದು ನುಡಿಸುವ ಡ್ರಮ್ ಭಾಗವನ್ನು ಕೇಳಿದರೆ ನಮ್ಮ ತನಿ ಆವರ್ತನವೇ ನೆನಪಿಗೆ ಬರುತ್ತದೆ. ಅದು ಕೇವಲ ಕಾಕತಾಳೀಯವೂ ಅಲ್ಲ. ಮಿಕ್ಕಿ ಹಾರ್ಟ್ 1970ರ ದಶಕದಿಂದಲೇ ಜಾಕಿರ್ ಹುಸೇನ್ ಅವರೊಂದಿಗೆ ನುಡಿಸಿದವರು. ಘಟಂ ವಿದ್ವಾನ್ ವಿಕ್ಕು ವಿನಾಯಕರಾಮ್ ಅವರೂ ಪಾಲ್ಗೊಂಡಿದ್ದ ಹಾರ್ಟ್ ಅವರ 1991ರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದಿತ್ತು.

ಇಂದು ನಮಗೆ ಈ ಕಛೇರಿಗಳು ದಕ್ಕುತ್ತಿರುವುದಕ್ಕೆ ಕಾರಣ, ಬಹುಮಟ್ಟಿಗೆ ಪ್ರತಿ ರಾತ್ರಿಯೂ ಯಾರಾದರೊಬ್ಬರು ಟೇಪು ಓಡಿಸುತ್ತಿದ್ದರು ಎಂಬುದು. ತಂಡದ ಧ್ವನಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಔಸ್ಲಿ ಸ್ಟ್ಯಾನ್ಲಿ ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಳ್ಳಲು ಕಛೇರಿಗಳನ್ನು ಮುದ್ರಿಸಿಕೊಳ್ಳುತ್ತಿದ್ದರು. ಇತ್ತ ಕೇಳುಗರೂ ಮೈಕು ಹಿಡಿದು ಬರುತ್ತಿದ್ದರು. ಬೇರೆ ತಂಡಗಳು ಅಂಥವರನ್ನು ಹೊರದಬ್ಬುತ್ತಿದ್ದ ಕಾಲದಲ್ಲಿ ಈ ತಂಡ ಸುಮ್ಮನಿತ್ತು. ಮೈಕುಗಳ ಕೋಲುಗಳು ಧ್ವನಿ ನಿಯಂತ್ರಿಸುವವರಿಗೆ ವೇದಿಕೆಯೇ ಕಾಣದಷ್ಟು ಹೆಚ್ಚಿದಾಗ, 1984ರಲ್ಲಿ, ಮುದ್ರಿಸಿಕೊಳ್ಳುವವರಿಗೆಂದೇ ಪ್ರತ್ಯೇಕ ಟಿಕೆಟ್ಟನ್ನೂ ಪ್ರತ್ಯೇಕ ಜಾಗವನ್ನೂ ಕೊಟ್ಟಿತು. ಮಾರಾಟ ಮಾಡಬಾರದು, ಪ್ರತಿಗೆ ಪ್ರತಿ ವಿನಿಮಯ ಮಾಡಿಕೊಳ್ಳಬಹುದು ಎಂಬುದು ಅಲ್ಲಿನ ಕಟ್ಟಲೆ. ಸಂಗೀತಗಾರರು ಕೇಳುಗರ ಮೇಲೆ ಇಟ್ಟ ಇಷ್ಟು ದೊಡ್ಡ ನಂಬಿಕೆಗೆ ಸಮನಾದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆದರೆ ಮುದ್ರಿಸಿಕೊಂಡ ಮಾತ್ರಕ್ಕೆ ಟೇಪು ಉಳಿಯುವುದಿಲ್ಲ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಧ್ವನಿಮುದ್ರಣ ತಜ್ಞೆ 1970ರ ದಶಕದಲ್ಲಿ ಈ ತಂಡದ ಅನೇಕ ಕಛೇರಿಗಳನ್ನು ಮುದ್ರಿಸಿದ್ದರು. ಅವರ ಮುದ್ರಣದಲ್ಲಿ ಪ್ರತಿ ವಾದ್ಯವೂ ತನ್ನ ಜಾಗದಲ್ಲಿ ನಿಂತು ಸ್ಪಷ್ಟವಾಗಿ ಕೇಳುತ್ತದೆ. ಬಾಡಿಗೆ ಕಟ್ಟಲಾಗದೆ ಅವರ ಗೋದಾಮಿನ ಸಾಮಾನುಗಳು 1986ರಲ್ಲಿ ಹರಾಜಾದಾಗ ಆ ರೀಲುಗಳೂ ಯಾರ ಯಾರದೋ ಪಾಲಾದವು. ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ 1977ರ ಮೇ 8ರಂದು ನಡೆದ ಕಛೇರಿಯೂ ಅವರೇ ಮುದ್ರಿಸಿದ್ದು. ಅದರ ಪ್ರತಿಯ ಪ್ರತಿಗಳು ಅಭಿಮಾನಿಗಳ ಕೈಯಿಂದ ಕೈಗೆ ಹರಿದಾಡಿದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2012ರಲ್ಲಿ ಅದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆದರೆ ಮೂಲ ರೀಲು ತಂಡದ ಉಗ್ರಾಣಕ್ಕೆ ಮರಳಿ, ಅಧಿಕೃತವಾಗಿ ಬಿಡುಗಡೆಯಾದದ್ದು 2017ರ ಮೇ ತಿಂಗಳಲ್ಲಿ, ಅಂದರೆ ಕಛೇರಿ ನಡೆದು ನಲವತ್ತು ವರ್ಷಗಳ ಮೇಲೆ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಬುಡದಲ್ಲಿ 1978ರ ಸೆಪ್ಟೆಂಬರಿನಲ್ಲಿ ನುಡಿಸಿದ್ದು ಹೊರಬರಲು 2008ರವರೆಗೆ ಕಾಯಬೇಕಾಯಿತು. 1972ರ ಯುರೋಪ್ ಪ್ರವಾಸದ 22 ಕಛೇರಿಗಳು ಇಡಿಯಾಗಿ, 73 ಸಿ.ಡಿ.ಗಳಲ್ಲಿ, ಬಂದದ್ದು 2011ರಲ್ಲಿ. ಇಂಥ ತಂಡವನ್ನು ಮೆಚ್ಚಿದವರಿಗೆ ಕಾಯುವುದು ತಾನಾಗಿ ಅಭ್ಯಾಸವಾಗುತ್ತದೆ.

ಉಗ್ರಾಣ ನೋಡಿಕೊಳ್ಳುತ್ತಿದ್ದ ಡಿಕ್ ಲಾಟ್ವಾಲಾ ಅವರ ಆಯ್ಕೆಯಲ್ಲಿ 1993ರಲ್ಲಿ ಶುರುವಾದ ಡಿಕ್ಸ್ ಪಿಕ್ಸ್ ಸರಣಿ ಅವರ ಕಾಲಾನಂತರವೂ ನಡೆದು 36 ಸಂಪುಟಗಳಿಗೆ ಮುಟ್ಟಿತು. 2012ರಿಂದ ಡೇವಿಡ್ ಲೆಮ್ಯೂ ಅವರ ಆಯ್ಕೆಯ ಡೇವ್ಸ್ ಪಿಕ್ಸ್ ಸರಣಿ ವರ್ಷಕ್ಕೆ ನಾಲ್ಕರಂತೆ ಬರುತ್ತಿದೆ. ಮುಂದಿನ ಸಂಪುಟ ಯಾವುದೆಂದು ಪ್ರಕಟವಾಗುವ ಮುಂಚಿನ ದಿನಗಳು ನಮಗೆ ಬಹಳ ಪ್ರಿಯವಾದವು. 1972 ಮತ್ತು 1977ರ ಕಛೇರಿಗಳು ಸಾಕಷ್ಟು ಬಂದಿವೆ, ಬ್ರೆಂಟ್ ಮಿಡ್‌ಲೆಂಡ್ ಕೀಬೋರ್ಡ್ ನುಡಿಸಿದ 1980ರ ದಶಕದ ಕಛೇರಿಗಳಿಗೂ ನ್ಯಾಯ ಸಿಗಲಿ ಎನ್ನುವವರು ಒಂದು ಕಡೆ; ಒಬ್ಬನೇ ಡ್ರಮ್ ವಾದಕನಿದ್ದ 1971ರಿಂದ 1974ರವರೆಗಿನ ಹಗುರವಾದ ಲಯವೇ ಶ್ರೇಷ್ಠ, ಅದು ಎಷ್ಟು ಬಂದರೂ ಸಾಲದು ಎನ್ನುವವರು ಇನ್ನೊಂದು ಕಡೆ. ನನ್ನ ಒಲವು ಎರಡನೆಯವರ ಕಡೆಗೆ. ಕೀತ್ ಗಾಡ್‌ಶಾ ಅವರ ಪಿಯಾನೊ ಗಾರ್ಸಿಯಾ ಅವರ ಗಿಟಾರಿನ ಬೆನ್ನಿಗೇ ನಡೆಯುವ ಆ ವರ್ಷಗಳಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುವ ಗುಣ ಎದ್ದು ಕಾಣುತ್ತದೆ.

ಬಿಡುಗಡೆಯಾಗುವ ಮುಂಚೆ ಟೇಪಿಗೆ ಆಗುವ ಆರೈಕೆಯನ್ನು ಹೊರಗಿನವರು ಅಷ್ಟಾಗಿ ತಿಳಿದಿಲ್ಲ. 1970ರ ದಶಕದ ಮಧ್ಯಭಾಗದಿಂದ ಬಂದ ಕೆಲವು ಬಗೆಯ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಲೇಪ ಕಿತ್ತು ಬಂದು ಸಂಗೀತವೇ ಉದುರಿಹೋಗುತ್ತದೆ. ಬಲ್ಲವರು ಅಂಥ ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ತೇವ ಆರಿಸಿ, ಮತ್ತೆ ಹದಗೆಡುವ ಮುಂಚೆ ಡಿಜಿಟಲ್ ಪ್ರತಿ ತೆಗೆದುಕೊಳ್ಳುತ್ತಾರೆ. ಮುದ್ರಿಸುವಾಗ ಯಂತ್ರದ ವೇಗ ಏರಿಳಿದಿದ್ದರೆ ಶ್ರುತಿಯೂ ಅಲುಗುತ್ತದೆ. ಕಿವಿಗೆ ಕೇಳಿಸದಷ್ಟು ಮೇಲಿನ ಸ್ಥಾಯಿಯಲ್ಲಿ ಟೇಪಿನಲ್ಲಿ ಉಳಿದಿರುವ, ಮುದ್ರಿಸುವಾಗ ಯಂತ್ರವೇ ಬೆರೆಸುವ ಬಯಾಸ್ ಎಂಬ ಸಂಕೇತವನ್ನು ಅಳತೆಗೋಲಾಗಿಟ್ಟುಕೊಂಡು ಆ ಅಲುಗಾಟವನ್ನು ಸರಿಪಡಿಸುವ ತಂತ್ರ ಈಗ ಇದೆ, ಈ ತಂಡದ ಬಿಡುಗಡೆಗಳಲ್ಲಿ ಅದನ್ನು ಬಳಸಿದ್ದಾರೆ. ಇನ್ನೊಂದು ತೊಡಕು ರೀಲಿನ ಅಳತೆಯದು. 2,500 ಅಡಿ ಟೇಪು ಸೆಕೆಂಡಿಗೆ 15 ಇಂಚಿನ ವೇಗದಲ್ಲಿ ಓಡಿದರೆ ಸುಮಾರು 33 ನಿಮಿಷಕ್ಕೆ ಮುಗಿಯುತ್ತದೆ. ಕಲಾವಿದರು ಮೈಮರೆತು ನುಡಿಸುತ್ತಿರುವಾಗಲೇ ರೀಲು ಬದಲಿಸಬೇಕಾಗಿ ಬಂದು ಒಂದಷ್ಟು ಸಂಗೀತ ಕೈತಪ್ಪುತ್ತದೆ. ಅಂಥ ಕಡೆ ಸಭಿಕರಲ್ಲಿ ಯಾರೋ ಮುದ್ರಿಸಿಕೊಂಡಿದ್ದ ತುಣುಕಿನಿಂದ ತೇಪೆ ಹಾಕುವುದುಂಟು. ಡಿಕ್ಸ್ ಪಿಕ್ಸ್ ಸರಣಿಯಲ್ಲಿ ಮೂಲ ಟೇಪಿನ ಕುಂದುಗಳ ಬಗ್ಗೆ ಕೊಳ್ಳುವವರಿಗೆ ಮೊದಲೇ ಎಚ್ಚರಿಕೆ ಮುದ್ರಿಸುತ್ತಿದ್ದರು. ಈ ಪ್ರಾಮಾಣಿಕತೆಯನ್ನು ನಾನು ಬಹಳ ಗೌರವಿಸುತ್ತೇನೆ.

ನಮಗೆ ಅಸಮಾಧಾನಗಳಿಲ್ಲವೆಂದಲ್ಲ. 2015ರಲ್ಲಿ ಬಂದ, ವರ್ಷಕ್ಕೊಂದರಂತೆ 30 ಕಛೇರಿಗಳ 80 ಸಿ.ಡಿ.ಗಳ ಪೆಟ್ಟಿಗೆಯನ್ನು 6,500 ಪ್ರತಿಗಳಿಗೆ ಮಿತಿಗೊಳಿಸಿದ್ದರು. ಸಂಖ್ಯೆ ಹಾಕಿದ ಪ್ರತಿಗಳು ಮುಗಿದ ಮೇಲೆ ದೂರದ ಊರಿನವರು ದುಪ್ಪಟ್ಟು ಬೆಲೆ ತೆರಬೇಕು, ಅದರ ಮೇಲೆ ಸಾಗಣೆ ವೆಚ್ಚ ಮತ್ತು ಸುಂಕ. ಸಂಗ್ರಹಕಾರನ ಬೀರುವಿಗಿಂತ ಕೇಳುಗನ ಕಿವಿ ಮುಖ್ಯವಲ್ಲವೇ? ಆಯ್ದ ಭಾಗಗಳನ್ನಷ್ಟೇ ಕೊಡುವುದನ್ನೂ ನಾನು ಒಪ್ಪಲಾರೆ. ಶ್ರುತಿ ಸರಿಮಾಡಿಕೊಳ್ಳುವುದು, ತಡವರಿಸುವುದು, ಮೊದಲ ಮುಕ್ಕಾಲು ಗಂಟೆ ಹುಡುಕಾಡಿ ಆಮೇಲೆ ಒಮ್ಮೆಲೇ ಕಛೇರಿ ಕಳೆಗಟ್ಟುವುದು, ಇವೆಲ್ಲ ಸೇರಿದರೇ ಒಂದು ಸಂಜೆ. ಉತ್ತಮವಾದ ಇಪ್ಪತ್ತು ನಿಮಿಷವನ್ನು ಕತ್ತರಿಸಿ ಕೊಟ್ಟರೆ ಆ ಇಪ್ಪತ್ತು ನಿಮಿಷ ಹೇಗೆ ಬಂತೆಂಬುದೇ ಕೇಳುಗನಿಗೆ ತಿಳಿಯುವುದಿಲ್ಲ.

ನಡೆದ ಕಛೇರಿಯನ್ನು ಉಳಿಸಿಕೊಳ್ಳಬೇಕೆಂಬ ಆಸೆ ಮೈಸೂರಿಗೆ ಹೊಸದಲ್ಲ. ಶ್ರೀ ಜಯಚಾಮರಾಜ ಒಡೆಯರ್ ಅವರು ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟ ಸಂಗತಿ ಅನೇಕರಿಗೆ ಗೊತ್ತು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳನ್ನು ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಹಾಡಿದಾಗ, ಆ ಕಛೇರಿಗೆ 4,800 ಡಾಲರುಗಳ ಖಾತರಿ ನೀಡಿದವರೂ ಒಡೆಯರೇ. ತಾವು ಅಲ್ಲಿಗೆ ಹೋಗಲಾಗದಿದ್ದರೂ ಆ ಸಂಜೆ ಮುದ್ರಣಗೊಂಡು ಮೈಸೂರಿಗೆ ಬರಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಅಂದು ಮುದ್ರಿಸಿದ ಅಸಿಟೇಟ್ ತಟ್ಟೆಗಳು ಬಹಳ ಸವೆದಿದ್ದರಿಂದ ಮೊದಲು ಬಂದ ಎಲ್.ಪಿ. ಕೇಳಲು ಕಷ್ಟವಾಗಿತ್ತು, ಡಿಜಿಟಲ್ ತಂತ್ರದಿಂದ ಶುಚಿಗೊಳಿಸಿದ ಆವೃತ್ತಿಗಳು ಬಂದದ್ದು 2007ರಲ್ಲಿ, ಮತ್ತೆ 2014ರಲ್ಲಿ. ಒಂದು ಕಛೇರಿಯ ಮುದ್ರಿಕೆಗಾಗಿ ಸಮುದ್ರದಾಚೆಯಿಂದ ಕಾದವರು ನಮ್ಮ ಅರಸರೇ ಆಗಿದ್ದರೆಂಬುದನ್ನು ನೆನೆದಾಗ ನನಗೆ ಹೆಮ್ಮೆಯೆನಿಸುತ್ತದೆ.

ಈಗ ನಮ್ಮ ಊರಿನ ಕೆಲಸದ ಮಾತು. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ಜನ ರಸ್ತೆಯ ಮೇಲೆಯೇ ಕುಳಿತು ಕೇಳಿದ ಕಛೇರಿಗಳು, ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದ ಕಛೇರಿಗಳು, ಬಡಾವಣೆ ಬಡಾವಣೆಯ ರಾಮೋತ್ಸವಗಳು, ಇವುಗಳನ್ನೆಲ್ಲ ಕ್ಯಾಸೆಟ್ ರೆಕಾರ್ಡರ್ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತು ಮುದ್ರಿಸಿಕೊಂಡ ಹಿರಿಯರು ಈ ಊರಿನಲ್ಲಿದ್ದಾರೆ. ಅವರು ಯಾರೂ ಹಣಕ್ಕಾಗಿ ಮಾಡಲಿಲ್ಲ. ಗ್ರೇಟ್‌ಫುಲ್ ಡೆಡ್ ಕೇಳುಗರಂತೆಯೇ ಸ್ನೇಹಿತರಿಗೆ ಪ್ರತಿ ಮಾಡಿಕೊಟ್ಟರು. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ 45 ನಿಮಿಷ. ಆಲಾಪನೆಯ ನಡುವೆ ಮಗ್ಗುಲು ಬದಲಿಸಿದ ಸದ್ದು ಅವುಗಳಲ್ಲಿ ಹಾಗೆಯೇ ಉಳಿದಿದೆ. ಇಂದು ಆ ಕ್ಯಾಸೆಟ್ಟುಗಳು ಅಟ್ಟದ ಮೇಲೆ, ಟ್ರಂಕುಗಳಲ್ಲಿ ಬೂಷ್ಟು ಹಿಡಿಯುತ್ತಿವೆ. ಹಿರಿಯರು ಹೋದ ಮನೆಗಳಲ್ಲಿ ಹಳೆಯ ಸಾಮಾನಿನವರ ಗಾಡಿ ಸೇರಿದ್ದೂ ಉಂಟು. ಅವುಗಳನ್ನು ನುಡಿಸಬಲ್ಲ ಸುಸ್ಥಿತಿಯ ಯಂತ್ರಗಳೂ, ರಿಪೇರಿ ಬಲ್ಲವರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ನಮ್ಮ ಸಂಗೀತ ಸಭೆಗಳೂ ವಿಶ್ವವಿದ್ಯಾಲಯದ ಸಂಗೀತ ವಿಭಾಗಗಳೂ ಒಂದುಗೂಡಿ ಮನೆ ಮನೆಯ ಈ ಟೇಪುಗಳ ಪಟ್ಟಿ ಮಾಡಬೇಕು, ಡಿಜಿಟಲ್ ಪ್ರತಿ ತೆಗೆದು ಮೂಲವನ್ನು ಮನೆಯವರಿಗೇ ಮರಳಿಸಬೇಕು ಎಂಬುದು ನನ್ನ ವಿನಂತಿ. ಮೊದಲು ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಚೆನ್ನಾಗಿ ಓಡುವ ಒಂದು ಕ್ಯಾಸೆಟ್ ಡೆಕ್, ಟೇಪನ್ನು ಓದುವ ಅದರ ಹೆಡ್ ಶುಚಿಯಾಗಿಡಬಲ್ಲ ಒಬ್ಬ ತಂತ್ರಜ್ಞ, ರಾಗ, ಕೃತಿ, ಪಕ್ಕವಾದ್ಯದವರನ್ನು ಗುರುತಿಸಬಲ್ಲ ಇಬ್ಬರು ಮೂವರು ರಸಿಕರು. ಬಿಡುಗಡೆಯ ಮಾತು ಆಮೇಲಿನದು. ಪ್ರದರ್ಶನದ ಮುಂದಿನ ವರ್ಷದಿಂದ 50 ವರ್ಷ ಕಾಲ ಕಲಾವಿದರಿಗೆ ಅದರ ಮೇಲೆ ಹಕ್ಕಿದೆಯೆಂದು ನಮ್ಮ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ಪಿಟೀಲಿನವರು, ಮೃದಂಗದವರೂ ಸೇರಿದಂತೆ ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆಯಿಲ್ಲದೆ ಒಂದು ನಿಮಿಷವನ್ನೂ ಹೊರಗೆ ಬಿಡಬಾರದು. ಬಿಡುವಾಗ ಇಡೀ ಕಛೇರಿಯನ್ನೇ, ತಾರೀಖು, ಸ್ಥಳ, ಪಕ್ಕವಾದ್ಯದವರ ಹೆಸರು, ಮುದ್ರಿಸಿದವರ ಹೆಸರು ಸಹಿತ ಬಿಡಬೇಕು.

ಟೇಪು ಇಟ್ಟುಕೊಂಡಿರುವ ಓದುಗರಿಗೆ ಒಂದು ಕೋರಿಕೆ. ಬೂಷ್ಟು ಹಿಡಿದದ್ದನ್ನು ಪರೀಕ್ಷಿಸಲೆಂದು ಮನೆಯ ಹಳೆಯ ಟೇಪ್ ರೆಕಾರ್ಡರಿಗೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೇನೂ ಮುದ್ರಣವಾಗದು. ಯಾವ ಉತ್ಸವ, ಯಾವ ವರ್ಷ, ಯಾರ ಪಕ್ಕವಾದ್ಯ ಎಂಬುದನ್ನು ನೆನಪಿರುವವರು ಇರುವಾಗಲೇ ಕೇಳಿ ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗಿಡಿ. ಮುಂದಿನ ಗಣೇಶೋತ್ಸವದ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವಾಗ ಸಮಿತಿಯವರು ಇಂಥ ಟೇಪುಗಳಿದ್ದರೆ ತಿಳಿಸಿ ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸುವುದಾದರೆ, ಪಟ್ಟಿ ಮಾಡುವ ಕೆಲಸಕ್ಕೆ ನಾನೂ ನನ್ನ ಸ್ನೇಹಿತರೂ ಬರಲು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ, ಸರಸ್ವತಿಪುರಂ, ಮೈಸೂರು