ಬೆರಳುಗಳನ್ನು ಎಣಿಸುವ ಮೊದಲು

ಚಿ. ಅನಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಳಿಸಿದ ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. ಸಿಡಿದ ನಕ್ಷತ್ರದ ಅನಿಲ ಬೆರಳು ಬೆರಳಾಗಿ ಹೊರಚಾಚಿರುವುದು ಕಣ್ತುಂಬುವಂತಿದೆ. ಆದರೆ ಅದರ ಕೆಳಗೆ ನೀನು ಬರೆದ ಸಾಲು ಓದಿ ಕಳವಳವಾಯಿತು: "ಕ್ಯಾಸಿಯೋಪಿಯಾ-ಎ ಫೋಟೋಗೆ ಸರಿಯಾಗಿ ಹೊಂದುತ್ತೆ ದೊಡ್ಡಮ್ಮ, ಇನ್ನು ಬರೆದು ಮುಗಿಸೋದಷ್ಟೇ." ಅವಸರ ಮಾಡಬೇಡ ಪುಟ್ಟಿ.

ಕ್ಯಾಸಿಯೋಪಿಯಾ-ಎಯಂಥ ಸೂಪರ್ನೋವಾ ಅವಶೇಷ, ಅಂದರೆ ಸಿಡಿದ ನಕ್ಷತ್ರ ಬಿಟ್ಟುಹೋದ ಅನಿಲದ ಮೋಡ, ಹಬ್ಬಿ, ತಣಿದು, ಸುತ್ತಲಿನ ಅನಿಲದಲ್ಲಿ ಕರಗಿಹೋಗಲು ಹತ್ತಾರು ಸಾವಿರ ವರ್ಷಗಳೇ ಹಿಡಿಯುತ್ತವೆ. 1572ರಲ್ಲಿ ಟೈಕೊ ಬ್ರಾಹೆ ಕಂಡದ್ದಕ್ಕೆ ಇನ್ನೂ ಎಳೆ ಪ್ರಾಯ. 1987ರಲ್ಲಿ ಕಂಡದ್ದಂತೂ ಕೂಸು. ಒಂದೊಂದರ ಬಾಳಿನ ಒಂದೊಂದು ಗಳಿಗೆ ಮಾತ್ರ ನಮಗೆ ಕಾಣಸಿಗುತ್ತದೆ. ನಡುವಿನ ಕಥೆಯನ್ನು ಕಂಪ್ಯೂಟರಿನಿಂದಲೇ ಕೇಳಬೇಕು. ಅದು ಸುಳ್ಳು ಹೇಳಿದರೆ ಹಿಡಿಯಬೇಕಾದವಳು ನೀನೇ.

ಆದ್ದರಿಂದ ಮೊದಲು ಉತ್ತರ ಗೊತ್ತಿರುವ ಲೆಕ್ಕ ಕೊಡು. ಸಮನಾಗಿ ಹರಡಿದ ಅನಿಲದ ನಡುವೆ ಒಂದೇ ಬಿಂದುವಿನಲ್ಲಿ ಶಕ್ತಿ ಸುರಿ, ಬೇರೇನೂ ಬೇಡ. ಆ ಸ್ಫೋಟದ ಗೋಳ ಹೇಗೆ ಹಿಗ್ಗುತ್ತದೆಂದು ಟೇಲರ್ ಮತ್ತು ಸೆಡೊವ್ 1940ರ ದಶಕದಲ್ಲೇ ಬಿಡಿಸಿಟ್ಟಿದ್ದಾರೆ: ಕಾಲ 32 ಪಟ್ಟಾದರೆ ತ್ರಿಜ್ಯ 4 ಪಟ್ಟು. ಗೋಳದ ಹೊರ ಅಂಚಿನಲ್ಲಿ ನುಗ್ಗುವ ಆಘಾತ ತರಂಗದ ಬೆನ್ನಿಗೇ ಸಾಂದ್ರತೆಯೂ 4 ಪಟ್ಟಿಗೆ ಏರಬೇಕು. ಗ್ರಿಡ್, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಹಂಚಿದ ಚೌಕಮನೆಗಳು, ಒರಟಾಗಿದ್ದರೆ ಆ ಶಿಖರ ಸವೆದು ಕೆಳಗೇ ನಿಲ್ಲುತ್ತದೆ. ಎಷ್ಟು ಸವೆದಿದೆ ಎಂದು ಬರೆದಿಟ್ಟುಕೋ.

ನಿನ್ನ ವಯಸ್ಸಿನಲ್ಲಿ ನಾನು ಇದನ್ನೆಲ್ಲ ಹಾರಿಸಿ ಮುಂದೆ ಹೋಗಿದ್ದೆ. ಸ್ಫೋಟದ ಸುತ್ತ ಅನಿಲದ ಗಂಟುಗಳನ್ನು ಅಲ್ಲಲ್ಲಿ ಚೆಲ್ಲಿ ಓಡಿಸಿದಾಗ, ಗೋಳದ ಎರಡು ಬದಿಯಲ್ಲಿ ಮೂಗಿನಂತೆ ಉಬ್ಬುಗಳು ಎದ್ದವು. ನಾಲ್ಕು ತಿಂಗಳು ಅವುಗಳಿಗೆ ಕಾರಣ ಹುಡುಕಿದೆ, ಒಂದು ಸಿದ್ಧಾಂತವನ್ನೂ ಕಟ್ಟಿದೆ. ಕೊನೆಗೊಂದು ರಾತ್ರಿ ಗಂಟುಗಳನ್ನೆಲ್ಲ 45 ಡಿಗ್ರಿ ತಿರುಗಿಸಿಟ್ಟು ಮತ್ತೆ ಓಡಿಸಿದೆ. ಗಂಟುಗಳು ತಿರುಗಿದವು, ಉಬ್ಬುಗಳು ಕದಲಲಿಲ್ಲ. ಗ್ರಿಡ್ಡಿನ ಗೆರೆಗಳ ಗುಂಟ, ಇದ್ದಲ್ಲೇ ಇದ್ದವು. ಅವು ಆಕಾಶದವಲ್ಲ, ನನ್ನ ಚೌಕಮನೆಗಳವು. ಆ ಪರದೆಯ ಮುಂದೆ ಕೂತಿದ್ದು ಇವತ್ತಿಗೂ ನೆನಪಿದೆ. ಆ ನಾಲ್ಕು ತಿಂಗಳು ನಿನಗೂ ಬರಬಾರದೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಿನ್ನ ಬೆರಳುಗಳ ವಿಷಯ. ನಕ್ಷತ್ರ ಉಗುಳಿದ ದಟ್ಟ ಅನಿಲವನ್ನು ಮುಂದಿನ ತೆಳು ಅನಿಲ ತಡೆದು ನಿಧಾನಿಸುವಾಗ ಅವು ಹುಟ್ಟುತ್ತವೆ. ಇದಕ್ಕೇ ರೇಲಿ-ಟೇಲರ್ ಅಸ್ಥಿರತೆ ಅನ್ನುವುದು, ನಿನಗೆ ಗೊತ್ತೇ ಇದೆ. ಗೊತ್ತಿದ್ದೂ ಮರೆಯುವುದು ಏನೆಂದರೆ, ಸಣ್ಣ ಅಲೆಗಳೇ ಬೇಗ ಬೆಳೆಯುತ್ತವೆ. ಮನೆಗಳನ್ನು ಇನ್ನಷ್ಟು ಸಣ್ಣದು ಮಾಡಿದರೆ ಇನ್ನಷ್ಟು ಸಪೂರ ಬೆರಳುಗಳು ಮೂಡುತ್ತವೆ. "ಇಷ್ಟು ಬೆರಳು" ಎಂಬ ಎಣಿಕೆಗೆ ಅದಕ್ಕೇ ಬೆಲೆಯಿಲ್ಲ. ಬೆರಳ ತುದಿ ಆಘಾತ ತರಂಗದ ಎಷ್ಟು ಸಮೀಪಕ್ಕೆ ಹೋಗುತ್ತದೆ, ಬೆರೆತ ಪದರ ಎಷ್ಟು ದಪ್ಪ, ಅದನ್ನು ಅಳೆ. ರೆಸಲ್ಯೂಶನ್ ಇಮ್ಮಡಿಸಿ, ಅಂದರೆ ಮನೆಯ ಅಗಲವನ್ನು ಅರ್ಧ ಮಾಡಿದ ಮೇಲೂ ಆ ಅಳತೆ ಬದಲಾಗದೆ ನಿಂತರೆ ನಂಬಬಹುದು. ಮೂರು ಆಯಾಮದಲ್ಲಿ ಇಮ್ಮಡಿಸಿದರೆ ಮನೆಗಳು 8 ಪಟ್ಟು, ಕಾಲದ ಹೆಜ್ಜೆಯೂ ಅರ್ಧವಾಗಿ ಕೆಲಸ 16 ಪಟ್ಟಾಗುತ್ತದೆ, ನಿಜ. ಇಡೀ ಗೋಳ ಬೇಡ, ಎಂಟನೇ ಒಂದು ಭಾಗವನ್ನಷ್ಟೇ ಓಡಿಸಿ ನೋಡು.

ಇನ್ನೊಂದು ಮಾತು, ಇದು ಫೋಟೋದ್ದು. ನೀನು ಕಳಿಸಿದ್ದು ಸಾಂದ್ರತೆಯನ್ನು ನಡುವೆ ಕೊಯ್ದ ಹೋಳು. ನೀನು ಹೋಲಿಸಿದ ಫೋಟೋ ಬಾಹ್ಯಾಕಾಶದ ಚಂದ್ರಾ ದೂರದರ್ಶಕ ತೆಗೆದ ಎಕ್ಸ್-ಕಿರಣದ ಚಿತ್ರ: ಮುಂದಿನದು, ಹಿಂದಿನದು ಎಲ್ಲ ಒಂದರ ಮೇಲೊಂದು ಕೂಡಿದ ಬೆಳಕು. ಬಿಸಿ ಅನಿಲದ ಹೊಳಪು ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ, ಉಷ್ಣತೆಯೂ ಅದರಲ್ಲಿ ಕೈಯಾಡಿಸುತ್ತದೆ. ಹೋಳನ್ನೂ ಆ ಚಿತ್ರವನ್ನೂ ಪಕ್ಕದಲ್ಲಿಟ್ಟು "ಹೊಂದಿತು" ಅನ್ನಬೇಡ. ನಿನ್ನ ಅನಿಲದಿಂದಲೂ ಹಾಗೇ ಬೆಳಕು ಕೂಡಿಸಿ, ಆಮೇಲೆ ಹೋಲಿಸು.

ನಾನು ಗಂಟುಗಳನ್ನು ತಿರುಗಿಸಿದಂತೆ ನೀನು ಗ್ರಿಡ್ಡನ್ನೇ ತಿರುಗಿಸಿ ಓಡಿಸು; ತಿರುಗಿಸಿದ್ದು ಮತ್ತು ತಿರುಗಿಸದ್ದು, ಎರಡನ್ನೂ ಒಂದೇ ಬಣ್ಣದ ಅಳತೆಪಟ್ಟಿಯಲ್ಲಿ ಕಳಿಸು. ಎಷ್ಟು ಹೊತ್ತಾದರೂ ಸರಿ, ಕೂತು ಒಟ್ಟಿಗೆ ನೋಡೋಣ.

ನಿನ್ನ
ದೊಡ್ಡಮ್ಮ