ರೋಮಾ ಜನರ ಕುರಿತು ಸದಸ್ಯರಿಗೆ ಒಂದು ಸೂಚನೆ

ಆತ್ಮೀಯರೇ, ರೋಮಾ ಎಂಬುದು ಹೆಚ್ಚಾಗಿ ಯುರೋಪಿನಲ್ಲಿ ವಾಸಿಸುವ ಒಂದು ಜನಾಂಗ. ಏಪ್ರಿಲ್ 8 ಅಂತರರಾಷ್ಟ್ರೀಯ ರೋಮಾ ದಿನ. ಅಂದು ಚಿತ್ರ, ಬರಹ ಹಂಚಿಕೊಳ್ಳುವವರು ದಯವಿಟ್ಟು ‘ಜಿಪ್ಸಿ’ ಎಂದು ಬರೆಯಬೇಡಿ. ಅವರು ಈಜಿಪ್ಟಿನವರೆಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರದು. ಅನೇಕರಿಗೆ ನೋವು ತರುತ್ತದೆ. ಅವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಹೊರಟದ್ದು ಭಾರತದಿಂದ. ಇಂದಿಗೂ ಅವರ ಮಾತಿನಲ್ಲಿ ನೀರು ‘ಪಾನಿ’, ಮೂಗು ‘ನಾಕ್’. ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಎಲ್ಲರನ್ನೂ ಒಂದೇ ಗುಂಪೆಂದು ಭಾವಿಸಬೇಡಿ. ಜರ್ಮನಿಯಲ್ಲಿ ಸಿಂತಿ, ಸ್ಪೇನಿನಲ್ಲಿ ಕಾಲೆ, ಇಂಗ್ಲೆಂಡಿನಲ್ಲಿ ರೋಮಾನಿಚಲ್ ಇದ್ದಾರೆ. ರೊಮೇನಿಯಾ ಮೂಲದ ಕಾಲ್ದೆರಾಶ್ ಪಂಗಡದ ಹೆಸರು ಬಂದದ್ದು ಕಡಾಯಿ ಎಂಬರ್ಥದ ಪದದಿಂದ; ಅವರು ತಾಮ್ರದ ಪಾತ್ರೆ ಮಾಡುತ್ತಿದ್ದವರು. ಹೆಚ್ಚಿನ ರೋಮಾ ಜನರು ಈಗ ಅಲೆಮಾರಿಗಳಲ್ಲ, ನೆಲೆ ನಿಂತವರು.

ನಮ್ಮ ಲಂಬಾಣಿಗರೂ ಅವರೂ ಒಂದೇ ಎಂಬ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಇಬ್ಬರ ನುಡಿಯೂ ಇಂಡೋ-ಆರ್ಯನ್ ಕುಟುಂಬಕ್ಕೆ ಸೇರಿದೆ. ಅಷ್ಟರಿಂದಲೇ ಒಂದೇ ಜನಾಂಗವೆನ್ನಲಾಗದು.

ಆಗಸ್ಟ್ 2ನ್ನೂ ನೆನಪಿಡಿ. 1944ರ ಆ ರಾತ್ರಿ ಪೋಲೆಂಡಿನಲ್ಲಿದ್ದ ಔಶ್ವಿಟ್ಸ್-ಬಿರ್ಕೆನೌ ಎಂಬ ನಾಜಿ ಸಾವಿನ ಶಿಬಿರದಲ್ಲಿ ಉಳಿದಿದ್ದ ಸುಮಾರು 4,300 ರೋಮಾ ಮತ್ತು ಸಿಂತಿ ಜನರನ್ನು ನಾಜಿಗಳು ಕೊಂದರು. ಅಂದು ಗುಂಪಿನಲ್ಲಿ ತಮಾಷೆಯ ಸಂದೇಶಗಳು ಬೇಡ.